ದಿಶಾಂಕ್ ಗೆರೆ ನೋಡಿ ಬದು ಕೀಳಬೇಡ್ರಿ: ಮೊಬೈಲ್ ನಕ್ಷೆಯ ಬಣ್ಣದ ಗೆರೆ ಯಾಕೆ ಸರಿತದ?

ಯಾದಗಿರಿ: ಹೊಲದ ಬದುವಿನ ಮೇಲೆ ನಿಂತು ಮೊಬೈಲ್‌ನಲ್ಲಿ 'ದಿಶಾಂಕ್' ಆ್ಯಪ್ ತೆಗೆದರೆ ಸಾಕು, ನಿಂತ ಜಾಗದ ಸರ್ವೆ ನಂಬರ್ ಬರ್ತದ. ಕೆಳಗೆ ಉಪಗ್ರಹದ ಫೋಟೋ, ಅದರ ಮೇಲೆ ಹೊಲದ ಗಡಿ ಗೆರೆ. ಆದರೆ ಕೆಲವು ಕಡೆ ಆ ಗೆರೆ ಬದು ಬಿಟ್ಟು ಪಕ್ಕದವರ ತೊಗರಿ ಹೊಲದಾಗ ಹೋಗಿರ್ತದ. "ನಮ್ಮ ಜಾಗ ಒತ್ತಿಕೊಂಡೀರಿ" ಅಂತ ಜಗಳ ಶುರುವಾಗೋದು ಇಲ್ಲಿಂದಲೇ.

ಶಹಾಪುರ, ಸುರಪುರ ತಾಲ್ಲೂಕುಗಳ ರೈತರು, ಪ್ಲಾಟ್ ಖರೀದಿಗೆ ನಿಂತ ಅಂಗಡಿಕಾರರು ಒಂದು ಮಾತು ತಿಳ್ಕೋಬೇಕು. ಆ ಗೆರೆಯನ್ನು ಫೋಟೋ ನೋಡಿ ಯಾರೂ ಎಳೆದಿಲ್ಲ.

ಎರಡು ಹಾಳೆ, ಎರಡು ಲೆಕ್ಕ

ಫೋಟೋ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಂತೆ ಈ ವ್ಯವಸ್ಥೆ. ಕೆಳಗಿನ ಫೋಟೋ ಬೇರೆ, ಮೇಲಿನ ಗೆರೆಯ ಹಾಳೆ ಬೇರೆ. ನೀವು ಇನ್ನೊಂದು ಸರ್ವೆ ನಂಬರ್ ಹುಡುಕಿದಾಗ ಫೋಟೋ ಬದಲಾಗೋದಿಲ್ಲ. ಹಳೆ ಗುರುತು ತೆಗೆದು ಹೊಸ ಗುರುತು ಹಾಕುತ್ತದೆ, ಅಷ್ಟೇ. ನೆಟ್‌ವರ್ಕ್ ನಿಧಾನ ಇದ್ದಲ್ಲಿ ಹಳೆ ಗುರುತೇ ಸ್ವಲ್ಪ ಹೊತ್ತು ಉಳಿಯಬಹುದು. ಹಾಗಾಗಿ ಮೊದಲು ಊರಿನ ಹೆಸರು, ಸರ್ವೆ ನಂಬರ್ ಎರಡೂ ಸರಿ ಇವೆಯೇ ನೋಡ್ಕೋಬೇಕು.

ಈ ಎರಡು ಹಾಳೆ ಒಟ್ಟಿಗೆ ಅಪ್‌ಡೇಟ್ ಆಗುವುದಿಲ್ಲ. ಉಪಗ್ರಹದ ಫೋಟೋ ಇವತ್ತಿನದಲ್ಲ, ತಿಂಗಳು ಅಥವಾ ವರ್ಷದ ಹಿಂದಿನದ್ದಿರಬಹುದು. ಹೊಸ ಲೇಔಟ್ ಆಗಿದ್ದರೂ ಅದರಲ್ಲಿ ಹತ್ತಿ ಹೊಲವೇ ಕಾಣಬಹುದು. ಗೆರೆ ಬಂದದ್ದು ಮಾತ್ರ ಗ್ರಾಮ ನಕ್ಷೆಯಿಂದ. ಅಣ್ಣತಮ್ಮಂದಿರ ಪಾಲು ಪಹಣಿಯಲ್ಲಿ ಏರಿದ್ದರೂ, ಪೋಡಿ ಆಗಿ ನಕ್ಷೆ ತಿದ್ದುವವರೆಗೆ ಇಡೀ ಸರ್ವೆ ನಂಬರ್ ಒಂದೇ ತುಂಡಾಗಿ ಕಾಣ್ತದ.

ಗೆರೆ ಸರಿಯೋದು ಯಾಕೆ?

ಒಂದನೇ ಕಾರಣ, ಗ್ರಾಮ ನಕ್ಷೆಗಳು ಮೂಲದಲ್ಲಿ ಕಾಗದದ ಮೇಲಿನವು. ಅವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಗೆರೆ ಎಳೆದು ಭೂಮಿಯ ಅಕ್ಷಾಂಶ, ರೇಖಾಂಶಕ್ಕೆ ಹೊಂದಿಸಲಾಗಿದೆ. ಕಾಗದ ಮಡಚಿದ್ದು, ಹಿಗ್ಗಿದ್ದು, ಹೊಂದಿಸುವಾಗಿನ ಚೂರು ವ್ಯತ್ಯಾಸ ಎಲ್ಲವೂ ಗೆರೆಯಲ್ಲಿ ಬರ್ತದ.

ಎರಡನೇದು, ಉಪಗ್ರಹ ಓರೆಯಾಗಿ ಫೋಟೋ ತೆಗೆದಾಗ ಎತ್ತರದ ಜಾಗ ಸ್ವಲ್ಪ ಸರಿದಂತೆ ಕಾಣ್ತದ. ಶಹಾಪುರ, ಸುರಪುರದ ಗುಡ್ಡಗಳ ಹತ್ತಿರ ಇದನ್ನು ನೆನಪಿಡಬೇಕು.

ಮೂರನೇದು ಮೊಬೈಲ್‌ನ ಜಿಪಿಎಸ್. ಬಯಲಿನಲ್ಲಿ ನಿಂತರೂ ಸಾಮಾನ್ಯ ಮೊಬೈಲ್ ಸುಮಾರು 5 ಮೀಟರ್ ಆಚೆ ಈಚೆ ತೋರಿಸಬಹುದು. ಗಿಡ, ಕಟ್ಟಡಗಳ ನಡುವೆ ಇನ್ನೂ ಹೆಚ್ಚು.

5 ಮೀಟರ್ ಅಂದ್ರೆ ಎಷ್ಟು?

ಬದು 100 ಮೀಟರ್ ಉದ್ದ ಇದೆ ಅನ್ಕೊಳ್ಳಿ. ಗೆರೆ 5 ಮೀಟರ್ ಸರಿದರೆ 500 ಚದರ ಮೀಟರ್ ವ್ಯತ್ಯಾಸ. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಹತ್ತತ್ರ 5 ಗುಂಟೆ ಆಯ್ತು! ಪ್ಲಾಟ್ ಲೆಕ್ಕದಲ್ಲಿ ಇನ್ನೂ ಕಷ್ಟ. 5 ಮೀಟರ್ ಅಂದ್ರೆ 16 ಅಡಿ. 30-40 ಸೈಟಿನ ಅಗಲದಲ್ಲಿ ಅರ್ಧಕ್ಕಿಂತ ಜಾಸ್ತಿ. ಅಷ್ಟಕ್ಕೆ ಕಲ್ಲು ಕಿತ್ತು ಹಾಕಿದರೆ ಬೆಳೆಯೋದು ಕೋರ್ಟ್ ಕೇಸೇ.

ಹಾಗಾದ್ರೆ ಆ್ಯಪ್ ದಂಡವೇ?

ಅಲ್ಲ. ಯಾವ ಸರ್ವೆ ನಂಬರ್ ಎಲ್ಲಿ ಬರ್ತದ, ಸುತ್ತಮುತ್ತ ಯಾವ ನಂಬರ್ ಅದಾವ, ಹಳ್ಳ, ದಾರಿ ಯಾವ ಕಡೆ ಅನ್ನೋದು ತಿಳಿಯಲು ಒಳ್ಳೆಯದು. ಮಾರುವವರು ತೋರಿಸಿದ ಜಾಗ ಒಂದು, ಕಾಗದದಲ್ಲಿನ ನಂಬರ್ ಇನ್ನೊಂದು ಇದ್ದರೆ ಸಂಶಯ ಬರಲು ಇದು ಸಾಕು. ಆದರೆ ಗಡಿ ನಿರ್ಧಾರಕ್ಕೆ ಇದು ದಾಖಲೆ ಅಲ್ಲ.

ಗಡಿ ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಭೂಮಾಪಕರು ಅಕ್ಕಪಕ್ಕದ ಹೊಲದವರಿಗೆ ನೋಟಿಸ್ ಕೊಟ್ಟು, ಮೂಲ ಟಿಪ್ಪಣಿ ಹಿಡಿದು ಅಳತೆ ಮಾಡಿ ಗುರುತು ಹಾಕ್ತಾರೆ. ಸರ್ವೆ ನಂಬರಿನ ಒಂದು ಭಾಗ ಮಾರಲು 11ಇ ನಕ್ಷೆ ಬೇಕು. ಪಾಲಾದ ಜಮೀನು ನಕ್ಷೆಯಲ್ಲೂ ಬೇರೆಯಾಗಲು ಪೋಡಿ ಮಾಡಿಸಬೇಕು. ಅರ್ಜಿಗೆ ನಾಡಕಚೇರಿಗೆ ಹೋಗಿ ವಿಚಾರಿಸಬಹುದು.

ಜಗಳಕ್ಕೆ ಹೋಗುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡ್ರಿ. ನಿಮ್ಮ ಹೊಲದ ಗೆರೆ ಒಂದನ್ನೇ ನೋಡದೆ, ಸುತ್ತಲಿನ ನಾಲ್ಕಾರು ಹೊಲದ ಗೆರೆ, ಊರ ದಾರಿಯ ಗೆರೆ ನೋಡಿ. ಎಲ್ಲವೂ ಒಂದೇ ಕಡೆಗೆ ಅಷ್ಟೇ ಸರಿದಿದ್ದರೆ, ಸರಿದದ್ದು ಮೇಲಿನ ಹಾಳೆಯೇ ಇರಬಹುದು, ಪಕ್ಕದವರ ಬದು ಅಲ್ಲ.