ಧನುರ್ವಾಯು: ದೊಡ್ಡವರಿಗೂ ಚುಚ್ಚುಮದ್ದು ಬೇಕು



ಹಟ್ಟಿಯ ದನಕ್ಕೆ ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಿಸಲು ನಾವು ಮರೆಯುವುದಿಲ್ಲ. ಅದೇ ಹಟ್ಟಿಯ ಗೊಬ್ಬರ ತೆಗೆಯುವವರು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡದ್ದು ಯಾವಾಗ ಎಂದು ಕೇಳಿದರೆ ಉತ್ತರವಿಲ್ಲ.

ತುಕ್ಕು ಹಿಡಿದ ಮೊಳೆ ತಾಗಿದರೆ ಮಾತ್ರ ಆಸ್ಪತ್ರೆಗೆ ಓಡುವುದು ನಮ್ಮ ರೂಢಿ. ದೋಷ ತುಕ್ಕಿನದಲ್ಲ. ಈ ರೋಗಾಣು ಮಣ್ಣಿನಲ್ಲೂ ಸೆಗಣಿಯಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ. ಅಡಿಕೆ ತೋಟದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು ಸಾಕು. ಗಾಳಿಯಾಡದ ಆಳವಾದ ಗಾಯದಲ್ಲಿ ಅದು ಬೆಳೆದು ವಿಷ ಕಾರುತ್ತದೆ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ಬಳಿಕ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಹೆಸರು ಬಂದದ್ದೇ ಹಾಗೆ. ನರಗಳನ್ನು ಹಿಡಿದ ವಿಷವನ್ನು ಬಿಡಿಸುವ ಮದ್ದು ಇಂದಿಗೂ ಇಲ್ಲ.

ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು 2015ರಲ್ಲಿ ನಿವಾರಿಸಿತು. ಸಂತೋಷದ ಸಂಗತಿಯೇ. ಆದರೆ ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲವಾದ್ದರಿಂದ, ಮೊಮ್ಮಗುವಿನ ಚುಚ್ಚುಮದ್ದು ಅಜ್ಜನನ್ನು ಕಾಯದು. ರೋಗ ಬಂದು ಗುಣವಾದವರಿಗೂ ಅದು ಮತ್ತೆ ಬರಬಹುದು.

ಚಿಕ್ಕಂದಿನಲ್ಲಿ ಹಾಕಿಸಿಕೊಳ್ಳದವರಿಗೆ ಒಟ್ಟು 3 ಚುಚ್ಚುಮದ್ದು ಬೇಕು: ಮೊದಲನೆಯದಾಗಿ ತಿಂಗಳ ಬಳಿಕ ಎರಡನೆಯದು, ಮತ್ತೆ ಆರು ತಿಂಗಳಾದ ಮೇಲೆ ಮೂರನೆಯದು. ಆನಂತರ 10 ವರ್ಷಕ್ಕೊಮ್ಮೆ ಒಂದು. ಹೆಂಗಸರಿಗೆ ಬಸುರಿಯಾಗಿದ್ದಾಗಲಾದರೂ ಸಿಕ್ಕಿರುತ್ತದೆ, ಹಿಂದುಳಿದವರು ಗಂಡಸರೇ.

ಗಾಯಕ್ಕೆ ಸೆಗಣಿ, ಮಣ್ಣು, ಕಾಫಿಪುಡಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ತಾರೀಕು ಬರೆಸಿಕೊಂಡ ಚೀಟಿಯನ್ನು ರೇಷನ್ ಕಾರ್ಡಿನೊಂದಿಗೆ ಇಟ್ಟುಕೊಳ್ಳಿ.