ಟೀಚರ್ ಆಗಲಿರುವ ಹುಡುಗಿಯ ಕೈಯಲ್ಲಿ ಮೊಬೈಲು

ಬಿ.ಎಡ್. ಓದುವ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: “ಏನ್ರೀ ಇದು, ಟೀಚರ್ ಆಗೋಳು ಅಂತೀರಿ, ಪುಸ್ತಕ ಹಿಡಿದಿದ್ದೇ ಕಾಣೆ. ಯಾವಾಗ ನೋಡಿದ್ರೂ ಮೊಬೈಲೇ!” ಹೀಗೆ ಹೇಳುವವರು ಕೆಟ್ಟವರೇನಲ್ಲ. ಹೊತ್ತು ಕಳೆಯಲು ಮೊಬೈಲು ಹಿಡಿಯುವವರೇ ಸುತ್ತ ತುಂಬಿರುವಾಗ ಅನುಮಾನ ಬರುವುದು ಸಹಜ. ಆದರೆ ಆ ಹುಡುಗಿ ಅದರಲ್ಲಿ ಏನು ಮಾಡುತ್ತಿದ್ದಾಳೆ ಅಂತ ಪಕ್ಕದಲ್ಲಿ ಕೂತು ನೋಡಿದವರು ಎಷ್ಟು ಜನ?

ನಮ್ಮ ಅಣ್ಣನ ಮಗಳು ಬಿ.ಎಸ್ಸಿ. ಮುಗಿಸಿ, ನಮ್ಮ ಮನೆಯಲ್ಲೇ ಇದ್ದುಕೊಂಡು ಬಿ.ಎಡ್. ಮಾಡುತ್ತಿದ್ದಾಳೆ. 2015ರಲ್ಲಿ ಈ ಓದು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿತು. ಶಾಲೆಗೆ ಹೋಗಿ ಪಾಠ ಮಾಡುವ ಅಭ್ಯಾಸದ ಜೊತೆಗೆ ಕಂಪ್ಯೂಟರು, ಪ್ರೊಜೆಕ್ಟರು ಬಳಸಿ ಕಲಿಸುವುದನ್ನೂ ಕಲಿಯಬೇಕು. ಅವಳದು ವಿಜ್ಞಾನ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡಿಗೆಮನೆಯ ಕಟ್ಟೆಯೇ ಅವಳ ಮೇಜು. ಎಸ್.ಎಸ್.ಎಲ್.ಸಿ. ತನಕ ಓದಿದ ನಾನೇ ಅವಳ ಮೊದಲ ವಿದ್ಯಾರ್ಥಿನಿ!

ಪರದೆಯ ಮೇಲೆ ಬಲ್ಬು

“ಅತ್ತೆ, ಈ ಬಲ್ಬು ತೆಗೆದರೆ ಆ ಬಲ್ಬು ಏನಾಗುತ್ತೆ ಹೇಳಿ ನೋಡೋಣ?” ಅಂತ ಒಂದು ರಾತ್ರಿ ಮೊಬೈಲು ನನ್ನ ಮುಂದಿಟ್ಟಳು. ಪರದೆಯ ಮೇಲೆ ಬ್ಯಾಟರಿ, ತಂತಿ, ಎರಡು ಬಲ್ಬು. ಬೆರಳಿನಿಂದ ಎಳೆದು ಜೋಡಿಸಿದರೆ ಬಲ್ಬು ಉರಿಯುತ್ತದೆ. ಒಂದರ ಹಿಂದೆ ಒಂದು ಜೋಡಿಸಿದ ಸಾಲಿನಲ್ಲಿ ಒಂದನ್ನು ತೆಗೆದೆ, ಇನ್ನೊಂದೂ ಆರಿತು. ಬೇರೆಬೇರೆ ದಾರಿಯಲ್ಲಿ ಜೋಡಿಸಿದಾಗ ಒಂದು ಹೋದರೂ ಇನ್ನೊಂದು ಉರಿಯುತ್ತಲೇ ಇತ್ತು. ಗಣಪತಿ ಹಬ್ಬಕ್ಕೆ ಹಾಕುತ್ತಿದ್ದ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಸುಟ್ಟರೆ ಸಾಲಿಗೆ ಸಾಲೇ ಕತ್ತಲಾಗುತ್ತಿದ್ದದ್ದು, ಆದರೆ ಹಜಾರದ ದೀಪ ಹೋದರೆ ಅಡಿಗೆಮನೆಯದು ಹೋಗದಿರುವುದು ಯಾಕೆ ಅಂತ ನನಗೆ ಆಗ ತಿಳಿಯಿತು.

ಇದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೈಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಎಂಬ ಯೋಜನೆಯದು. ಪುಕ್ಕಟೆ ಸಿಗುತ್ತದೆ, ಕೆಲವು ಕನ್ನಡದಲ್ಲೂ ಇವೆ. ನಮ್ಮ ಕೇಂದ್ರ ಸರ್ಕಾರದ ‘ದೀಕ್ಷಾ’ 2017ರಲ್ಲಿ ಬಂತು. ಮಕ್ಕಳ ಪಠ್ಯಪುಸ್ತಕದಲ್ಲಿ ಕಾಣುವ ಕಪ್ಪು ಬಿಳುಪಿನ ಚೌಕಕ್ಕೆ ಮೊಬೈಲು ಹಿಡಿದರೆ ಅದರಲ್ಲಿನ ಪಾಠ ತೆರೆದುಕೊಳ್ಳುತ್ತದೆ.

ಅಣ್ಣನ ಕಿವಿಗೂ ಯಾರೋ ಊದಿದ್ದರು. “ಈ ತಿಂಗಳಿಂದ ರೀಚಾರ್ಜು ನಿಲ್ಲಿಸ್ತೀನಿ” ಅಂತಲೇ ಊರಿನಿಂದ ಬಂದಿದ್ದ. ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಕೂತಳು. ಮುಂದಿನ ವಾರ ಅವಳ ಪಾಠ, ತಯಾರಿಯೆಲ್ಲ ಅದರಲ್ಲೇ ಇತ್ತು. “ಬೈಯೋದಕ್ಕೆ ಮುಂಚೆ ಒಂದು ಸಲ ನೋಡಣ್ಣ” ಅಂದೆ. ಅವಳು ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಸೇರಿಸಿದಳು. ಪರದೆಯ ಮೇಲೆ ಭಗ್ಗನೆ ಬೆಂಕಿ ಎದ್ದಿತು! ಅಣ್ಣ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದ. “ಅಲ್ಲಮ್ಮಾ, ನಮ್ಮ ಪಂಪ್‌ಸೆಟ್ಟಿನ ಫ್ಯೂಸು ಹೋಗೋದೂ ಹೀಗೇನಾ?” ರೀಚಾರ್ಜಿನ ಮಾತು ಮತ್ತೆ ಬರಲಿಲ್ಲ.

ಯಾವುದು ಪರದೆಗೆ, ಯಾವುದು ಕೈಗೆ?

ಹಾಗಂತ ಎಲ್ಲವನ್ನೂ ಪರದೆಯ ಮೇಲೆ ತೋರಿಸಿಬಿಡುವುದು ಜಾಣತನವಲ್ಲ. ನಮ್ಮ ಹುಡುಗಿ ಒಂದು ಲೆಕ್ಕ ಇಟ್ಟುಕೊಂಡಿದ್ದಾಳೆ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಕೈಗೆ ಸಿಗದಷ್ಟು ದೂರದ್ದು, ಮುಟ್ಟಿದರೆ ಅಪಾಯವಾದದ್ದು, ತಿಂಗಳುಗಟ್ಟಲೆ ನಡೆಯುವಂಥದು ಪರದೆಗೆ. ಉಳಿದದ್ದೆಲ್ಲ ಮಕ್ಕಳ ಕೈಗೆ.

ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ಮಾಡುತ್ತೇವಲ್ಲ, ಆ ಕೆಂಪೇ ಹೈಸ್ಕೂಲಿನ ಆಮ್ಲ-ಪ್ರತ್ಯಾಮ್ಲದ ಪಾಠ. ಸುಣ್ಣ ಪ್ರತ್ಯಾಮ್ಲ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಇದನ್ನು ವೀಡಿಯೋದಲ್ಲಿ ನೋಡುವುದೇಕೆ? ಮಕ್ಕಳೇ ಕಲಸಲಿ. ಆದರೆ ಈರುಳ್ಳಿಯ ಪದರದ ತೆಳು ಪೊರೆಯಲ್ಲಿರುವ ಜೀವಕೋಶ ನೋಡಬೇಕಾದರೆ ಸೂಕ್ಷ್ಮದರ್ಶಕ ಬೇಕು. ತರಗತಿಗೆ ಒಂದೇ ಇದ್ದರೆ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಅದರ ಕಣ್ಣಿಗೆ ಮೊಬೈಲಿನ ಕ್ಯಾಮೆರಾ ಹಿಡಿದು ಪ್ರೊಜೆಕ್ಟರಿಗೆ ಜೋಡಿಸಿದರೆ ಕೊನೆಯ ಬೆಂಚಿನ ಮಗುವಿಗೂ ಇಟ್ಟಿಗೆ ಜೋಡಿಸಿದಂಥ ಕೋಶಗಳು ಒಟ್ಟಿಗೇ ಕಾಣುತ್ತವೆ.

ಯಂತ್ರ ಹೋಗುತ್ತದೆ, ಟೀಚರ್ ಉಳಿಯುತ್ತಾಳೆ

2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪಾಠ ಬರುತ್ತಿದ್ದದ್ದು ನಿಮಗೆ ನೆನಪಿರಬಹುದು. ಅದಕ್ಕೂ ಬಹಳ ಹಿಂದೆ, 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಬಂದಿತ್ತು. ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ಮುಗಿದ ಮೇಲೆ ಉಪಗ್ರಹದ ಕಾರ್ಯಕ್ರಮ ನಿಂತಿತು. ಆದರೆ ಅದೇ ಯೋಜನೆಯಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟಿದ್ದರು. ಟಿ.ವಿ. ನಿಂತರೂ ಅವರು ಕಲಿತದ್ದು ಅವರ ಜೊತೆಗೇ ಶಾಲೆಗೆ ಹೋಯಿತು.

ನಮ್ಮ ಹುಡುಗಿಯ ಪಾಠದ ದಿನವೂ ಹೀಗೇ ಆಯಿತು. ಪ್ರೊಜೆಕ್ಟರು ಹಚ್ಚಿ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಹಾಗೆ ಅನ್ನಲಿಲ್ಲ. ಚೀಲದಿಂದ ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ತಂತಿ ತೆಗೆದು ಮಕ್ಕಳ ಗುಂಪಿಗೆ ಹಂಚಿದಳಂತೆ. ಪರದೆಯಲ್ಲಿ ನೋಡಿದ್ದನ್ನು ಅವರು ಕೈಯಲ್ಲೇ ಜೋಡಿಸಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲವಂತೆ!

ನಾವೇನು ಮಾಡಬಹುದು?

1. ದಿನಕ್ಕೆ ಒಂದು ಗಂಟೆ ಅವಳನ್ನು ಯಾವ ಕೆಲಸಕ್ಕೂ ಕರೆಯಬೇಡಿ. ಆ ಹೊತ್ತಿನ ಒಗ್ಗರಣೆ ನಮ್ಮ ಕೈಯಿಂದಲೇ ಬೀಳಲಿ.

2. ಅವಳ ಪಾಠಕ್ಕೆ ವಿದ್ಯಾರ್ಥಿನಿಯಾಗಿ ಕೂತುಕೊಳ್ಳಿ. ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಕೇಳಿ. ನಮಗೆ ತಿಳಿಯುವಂತೆ ಹೇಳಬಲ್ಲವಳು ಎಂಟನೇ ತರಗತಿಗೂ ಹೇಳಬಲ್ಲಳು.

3. ಬೇಕಾದ ವೀಡಿಯೋ, ಸಿಮ್ಯುಲೇಶನ್ನುಗಳನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಲು ಹೇಳಿ. ಶಾಲೆಯಲ್ಲಿ ನೆಟ್‌ವರ್ಕ್ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ.

4. ಅರಿಶಿನ, ಸುಣ್ಣ, ನಿಂಬೆ, ಈರುಳ್ಳಿ, ಸೆಲ್ಲು, ಬಲ್ಬು ಇರುವ ಒಂದು ಚೀಲ ಸದಾ ಸಿದ್ಧವಿರಲಿ.

5. ರೀಚಾರ್ಜಿನ ಹಣವನ್ನು ನೋಟ್‌ಬುಕ್ಕಿನ ಖರ್ಚಿನ ಜೊತೆಗೆ ಬರೆಯಿರಿ, ಶೋಕಿಯ ಲೆಕ್ಕಕ್ಕೆ ಬೇಡ.

ನಾಳೆ ಯಾವುದೋ ಹಳ್ಳಿಯ ಶಾಲೆಯಲ್ಲಿ ಈ ಹುಡುಗಿಯರು ನಿಂತು ಪಾಠ ಹೇಳುವಾಗ ಮುಂದೆ ಕೂತಿರುವವರು ನಮ್ಮ ನಿಮ್ಮ ಮನೆಯ ಮಕ್ಕಳೇ. ಆದ್ದರಿಂದ, ಸೋದರಿಯರೇ, “ಯಾವಾಗ ನೋಡಿದ್ರೂ ಮೊಬೈಲೇ” ಅನ್ನುವ ಬದಲು “ಏನಮ್ಮಾ ಅದು, ನನಗೂ ತೋರಿಸು” ಅಂತ ಒಂದು ಸಲ ಕೇಳಿ ನೋಡಿ.