ಕಾಲೇಜಿಗೆ ಹೋಗದ ಬಿ.ಎಡ್.: ಯಾರಿಗೆ ಲಾಭ, ಯಾರಿಗೆ ನಾಮ?

ಡಿಗ್ರಿ ರಿಸಲ್ಟು ಬಂದಕೂಡಲೇ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಶುರುವಾಗುವ ಮಾತು ಒಂದೇ: "ಬಿ.ಎಡ್. ಒಂದು ಮಾಡ್ಸ್‌ಬುಡಾನ, ಮೇಷ್ಟ್ರು ಕೆಲ್ಸ ಎಲ್ಗೂ ಹೋಗಲ್ಲ." ಕಬ್ಬಿನ ದುಡ್ಡೋ, ರೇಷ್ಮೆಗೂಡಿನ ದುಡ್ಡೋ, ಅಂಗಡಿಯವರಾದರೆ ಚೀಟಿ ಎತ್ತಿದ ದುಡ್ಡೋ ಫೀಸಿಗೆಂದು ಪಕ್ಕಕ್ಕೆ ಹೋಗುತ್ತದೆ.

ಆ ದುಡ್ಡಿನ ವಾಸನೆ ಹಿಡಿದು ಬರುವ ದಲ್ಲಾಳಿಗಳೂ ಇದ್ದಾರೆ ಸ್ವಾಮಿ. "ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಅನ್ನುವುದು ಇವರ ಮಂತ್ರ. ಈ ವ್ಯಾಪಾರದ ಹೆಸರು 'ನಾನ್ ಅಟೆಂಡಿಂಗ್'. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಗೆ, ಅಪ್ಪನ ಅಂಗಡಿಯಲ್ಲಿ ಕೂರುವ ಹುಡುಗನಿಗೆ ಕೇಳಲು ಇಂಪಾಗಿಯೇ ಇರುತ್ತದೆ.

ನಿಯಮ ಹೇಳುವುದು ಬೇರೆ. ಹಿರಿಯರು 'ಬಿ.ಟಿ.' ಎಂದು ಕರೆಯುತ್ತಿದ್ದ ಈ ಪದವಿ ಬಹುಕಾಲ ಒಂದು ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., 2014ರಲ್ಲಿ ನಿಯಮ ಬದಲಿಸಿದ ಮೇಲೆ 2015ರಿಂದ ಎರಡು ವರ್ಷವಾಯಿತು. ವರ್ಷಕ್ಕೆ 200 ದಿನ ಕಾಲೇಜು ನಡೆಯಬೇಕು. ತರಗತಿಗೆ ಶೇ. 80 ಹಾಜರಿ, ಶಾಲೆಗಳಲ್ಲಿ ಪಾಠ ಮಾಡಿ ಕಲಿಯುವ ಕಾಲಕ್ಕೆ ಶೇ. 90. ಆ ಶಾಲೆಯ ಕಾಲವೇ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಇಷ್ಟನ್ನೂ ಮನೇಲಿ ಕೂತು ಮುಗಿಸುವುದು ಹಾಜರಿ ಪುಸ್ತಕದ ಸುಳ್ಳು ಸಹಿಯಿಂದ ಮಾತ್ರ ಸಾಧ್ಯ. ಸಿಕ್ಕಿಬಿದ್ದರೆ ದಲ್ಲಾಳಿ ಬರುವುದಿಲ್ಲ. ಪದವಿ ಹುಡುಗಿಯದು, ದುಡ್ಡು ಅಪ್ಪನದು.

ಈ ದುಡ್ಡು ಕೊಡುವ ಅಗತ್ಯವೇ ಎಷ್ಟೋ ಮನೆಗಳಿಗಿಲ್ಲ. ಸರ್ಕಾರಿ ಕೋಟಾದ ಸೀಟನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಡಿಗ್ರಿ ಅಂಕದ ಮೇಲೆ ಹಂಚುತ್ತದೆ. ಶೇ. 50 ಇರಬೇಕು, ಪರಿಶಿಷ್ಟರಿಗೆ, ಪ್ರವರ್ಗ ಒಂದಕ್ಕೆ ಶೇ. 45 ಸಾಕು. ಅರ್ಜಿ ಆನ್‌ಲೈನ್, ದಾಖಲೆ ತೋರಿಸಲು ಡಯಟ್. ನಮ್ಮವರು ಎಡವುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರದಲ್ಲಿ. ಅರ್ಜಿ ಕರೆದ ಮೇಲೆ ಹಳೇ ಸ್ಕೂಲಿಗೆ ಓಡುತ್ತಾರೆ. ಹೆಡ್‌ಮೇಷ್ಟ್ರು ರಜಾ, ಬಿ.ಇ.ಓ. ಮೀಟಿಂಗು, ಅಷ್ಟರಲ್ಲಿ ಕೊನೇ ದಿನ! ಆಮೇಲೆ ಉಳಿಯುವುದು ಮ್ಯಾನೇಜ್‌ಮೆಂಟ್ ಸೀಟು, ಅದರ ಹಿಂದೆ ಅದೇ ದಲ್ಲಾಳಿ.

ಬಸ್ಸಿನ ಖರ್ಚಿನ ಮಾತೂ ಹಳೆಯದಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಮಳವಳ್ಳಿಯ ಹುಡುಗಿ ಮಂಡ್ಯಕ್ಕೆ ಸರ್ಕಾರಿ ಬಸ್ಸಿನಲ್ಲಿ ದಿನಾ ಪುಕ್ಕಟೆ ಬರಬಹುದು. ಹುಡುಗರು ಪಾಸು ಮಾಡಿಸಬೇಕು, ಅವರ ಗೋಳು ಬೇರೆ.

ಇನ್ನು ಕೆಲಸ. "ಬಿ.ಎಡ್. ದೊಡ್ಡದು ಕಣಪ್ಪ, ಒಂದ್ನೇ ಕ್ಲಾಸಿಂದ ಹತ್ತರಗಂಟ ಎಲ್ಲಾದ್ರೂ ಸೇರ್ಕಬೋದು" ಅನ್ನೋರು ಇನ್ನೂ ಇದ್ದಾರೆ. ಸೇರುವಂತಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಒಂದರಿಂದ ಐದನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು ತೀರ್ಪು ಕೊಟ್ಟಿತು. ಅದಕ್ಕೆ ಡಿ.ಎಡ್. ಓದಿದವರೇ ಆಗಬೇಕು. ಬಿ.ಎಡ್.ನವರಿಗೆ ಇರುವುದು ಆರರಿಂದ ಮೇಲಿನ ತರಗತಿಗಳು. ಆರರಿಂದ ಎಂಟಕ್ಕೆ ಮೊದಲು ಟಿ.ಇ.ಟಿ. ಪಾಸಾಗಬೇಕು: 150ಕ್ಕೆ 90 ಅಂಕ, ಮೀಸಲಾತಿಯವರಿಗೆ ಕೊಂಚ ರಿಯಾಯಿತಿ. ಅದಾದ ಮೇಲೆ ನೇಮಕಾತಿ ಪರೀಕ್ಷೆ ಬೇರೆ.

ಕೆಲಸವೇ ಇಲ್ಲ ಅನ್ನುವ ಹಾಗೂ ಇಲ್ಲ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರ ಹುದ್ದೆ ಕರೆದಾಗ, ಬರೆದವರು ಬೇಕಾದಷ್ಟಿದ್ದರೂ ಅಷ್ಟೂ ಹುದ್ದೆ ತುಂಬಲಿಲ್ಲ. ತರಗತಿಯಲ್ಲಿ ಕೂತು ಪಾಠಯೋಜನೆ ಬರೆದು, ಮಕ್ಕಳ ಮುಂದೆ ಬೆವರಿ ಕಲಿತವರಿಗೆ ಇಂಥ ಪರೀಕ್ಷೆ ಕಷ್ಟವಾದರೂ ದಾಟಬಹುದಾದದ್ದು. ಎರಡು ವರ್ಷ ಕಾಲೇಜಿನ ಗೇಟು ನೋಡದವರು ಅಲ್ಲಿ ಏನು ಬರೆಯುತ್ತಾರೆ?

ಈಗ ಬಸ್‌ಸ್ಟ್ಯಾಂಡಿನಲ್ಲಿ ಹೊಸ ಸುದ್ದಿ: "ಒಂದೇ ವರ್ಷದ ಬಿ.ಎಡ್. ವಾಪಸ್ ಬತ್ತದಂತೆ, ಕಾಯಿ." ಎನ್.ಸಿ.ಟಿ.ಇ. 2025ರ ಫೆಬ್ರವರಿಯಲ್ಲಿ ಕರಡು ನಿಯಮ ಹೊರಡಿಸಿದ್ದು ನಿಜ. ಆದರೆ ಅದರಲ್ಲಿ ಒಂದು ವರ್ಷ ಇರುವುದು ನಾಲ್ಕು ವರ್ಷದ ಡಿಗ್ರಿ ಅಥವಾ ಎಂ.ಎ., ಎಂ.ಎಸ್ಸಿ. ಮಾಡಿದವರಿಗೆ. ನಮ್ಮ ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಾಗಿದೆ. ಬರೀ ಬಿ.ಎ. ಹಿಡಿದು ಕಾಯುತ್ತಾ ಕೂತ ಹುಡುಗನಿಗೆ ಆ ಕರಡಿನಲ್ಲೂ ಇರುವುದು ಎರಡು ವರ್ಷವೇ.